ಊರ ಕೆಲಸ ಯಾರ ಕೆಲಸ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ಸಂಕಟವನ್ನು ಬೇರೆ ಬೇರೆ ಬಾಯಲ್ಲಿ ಹೇಳಿವೆ: ಎಲ್ಲರಿಗೂ ಸೇರಿದ್ದು ಹಾಳಾಗುತ್ತಿದೆ, ಸರಿಮಾಡಲು ಯಾರೂ ಮುಂದೆ ಬರುತ್ತಿಲ್ಲ. ಕೆಲವಕ್ಕೆ ವಿವರವಾಗಿ, ಕೆಲವಕ್ಕೆ ಚುಟುಕಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ಮತ ಹಾಕುತ್ತೇನೆ, ತೆರಿಗೆ ಕಟ್ಟುತ್ತೇನೆ, ಕಾನೂನು ಮೀರುವುದಿಲ್ಲ. ಪ್ರಜೆಯಾಗಿ ಇಷ್ಟು ಮಾಡಿದರೆ ಸಾಲದೆ?

ಯಾರನ್ನು ಕೇಳಿದರೂ ಪಟ್ಟಿ ಹೆಚ್ಚುಕಡಿಮೆ ಹೀಗೆಯೇ ಶುರುವಾಗುತ್ತದೆ. ಒಳ್ಳೆಯ ಪ್ರಜೆ ಎನಿಸಿಕೊಳ್ಳಲು ಯಾವುದು ಬಹಳ ಮುಖ್ಯ ಎಂದು ಪ್ಯೂ ಸಂಶೋಧನಾ ಕೇಂದ್ರ 2018ರಲ್ಲಿ ಅಮೆರಿಕನ್ನರನ್ನು ಕೇಳಿತ್ತು. ಶೇ. 74 ಮಂದಿ ಮತದಾನ ಎಂದರು, ಶೇ. 71 ಮಂದಿ ತೆರಿಗೆ, ಶೇ. 69 ಮಂದಿ ಕಾನೂನು ಪಾಲನೆ. ಈ ಮೂರೂ ಪ್ರಜೆಗೂ ಸರ್ಕಾರಕ್ಕೂ ನಡುವಿನ ಲೆಕ್ಕ. ಅವಕ್ಕೊಂದು ದಾಖಲೆ ಇರುತ್ತದೆ, ತಪ್ಪಿದರೆ ಎಷ್ಟೋ ಕಡೆ ಕೇಳುವವರೂ ಇರುತ್ತಾರೆ. ಆಸ್ಟ್ರೇಲಿಯಾದಲ್ಲಿ 1922ರ ಚುನಾವಣೆಯಲ್ಲಿ ಮತದಾನ ಶೇ. 60ನ್ನೂ ಮುಟ್ಟಿರಲಿಲ್ಲ. 1924ರಲ್ಲಿ ಕಡ್ಡಾಯ ಮಾಡಿದರು, ಮರುವರ್ಷವೇ ಶೇ. 91 ದಾಟಿತು.

ಆದರೆ ದಿನದಿನದ ಬದುಕು ಕೆಡುವುದು ಈ ಮೂರರಿಂದಲ್ಲ, ನೆರೆಹೊರೆಯವರ ನಡುವೆ ಇರುವ ಕೆಲಸಗಳಿಂದ. ಮೆಟ್ಟಿಲು, ಚರಂಡಿ, ನೀರಿನ ತೊಟ್ಟಿ, ಬೀದಿದೀಪ, ರಸ್ತೆಯಲ್ಲಿ ಬಿದ್ದವರು. ಇವಕ್ಕೆ ರಸೀದಿ ಇಲ್ಲ, ಗಡುವಿಲ್ಲ, ಹೆಸರಿಲ್ಲ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 29ನೇ ವಿಧಿ ಕರ್ತವ್ಯದ ಮಾತೆತ್ತುವಾಗ ‘ಸಮುದಾಯದ ಕಡೆಗೆ’ ಎನ್ನುತ್ತದೆ, ಸರ್ಕಾರದ ಕಡೆಗೆ ಎನ್ನುವುದಿಲ್ಲ. ಆ ಪದವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಆದ್ದರಿಂದ ಸಾಲದು.

ಪ್ರಶ್ನೆ: ನಮ್ಮ ಕಟ್ಟಡದ ಹನ್ನೆರಡು ಮನೆಗಳಿಗೆ ಒಂದೇ ನೀರಿನ ತೊಟ್ಟಿ. ತೊಳೆಯಬೇಕು ಎಂದು ಎಲ್ಲರೂ ಒಪ್ಪುತ್ತಾರೆ, ವರ್ಷವಾದರೂ ಯಾರೂ ಮುಚ್ಚಳ ತೆಗೆದಿಲ್ಲ. ಏನು ಮಾಡುವುದು?

‘ತೊಳೆಯಬೇಕು’ ಎಂಬ ಮಾತಿನಲ್ಲಿ ಕರ್ತೃವೇ ಇಲ್ಲ, ತೊಂದರೆ ಶುರುವಾಗುವುದು ಅಲ್ಲಿಂದ. ತೊಳೆದವನಿಗೂ ತೊಳೆಯದವನಿಗೂ ಅದೇ ನೀರು ಸಿಗುವಾಗ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾರೆ. ಗುಂಪು ದೊಡ್ಡದಾದಷ್ಟೂ ಈ ಕಾಯುವಿಕೆ ಹೆಚ್ಚುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಮ್ಯಾನ್ಕರ್ ಓಲ್ಸನ್ 1965ರಲ್ಲೇ ವಿವರಿಸಿದ್ದರು. ಹನ್ನೆರಡು ಮನೆಯವರನ್ನು ಒಟ್ಟಿಗೆ ಒಪ್ಪಿಸಲು ಹೋಗಬೇಡಿ. ಎರಡೆರಡು ಮನೆಯ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಎರಡು ತಿಂಗಳು ವಹಿಸಿ. ಹಲಗೆಯ ಮೇಲೆ ಮೂರು ಸಂಗತಿ ಇರಲಿ: ಮನೆಯ ಹೆಸರು, ತಾರೀಖು, ಮಾಡಬೇಕಾದ ಕೆಲಸ. ‘ತೊಟ್ಟಿ ನೋಡಿಕೊಳ್ಳುವುದು’ ಎಂದು ಬರೆದರೆ ಮತ್ತೆ ಅದೇ ಕಥೆ. ‘ಮುಚ್ಚಳ ತೆರೆದು ತಳದ ಹೂಳು ನೋಡುವುದು, ಜಾಲರಿ ಪರೀಕ್ಷಿಸುವುದು’ ಎಂದು ಬರೆಯಿರಿ. ಪಾಳಿ ಮುಗಿದಾಗ ಮುಂದಿನ ಜೋಡಿ ನೋಡಿ ಸಹಿ ಹಾಕಲಿ. ಹೂಳು ತಮ್ಮ ಪಾಲಿಗೆ ಬರುತ್ತದೆ ಎಂದು ಗೊತ್ತಿರುವವರು ನೋಡದೆ ಸಹಿ ಹಾಕುವುದಿಲ್ಲ. ಪೂರ್ತಿ ತೊಳೆಯುವುದು ಆರು ತಿಂಗಳಿಗೊಮ್ಮೆ ಆದರೆ ಒಳ್ಳೆಯದು.

ಇನ್ನು ತೊಳೆಯುವ ಕ್ರಮ. ಹಿಂದಿನ ದಿನವೇ ಎಲ್ಲರಿಗೂ ತಿಳಿಸಿ, ಒಂದೂವರೆ ದಿನಕ್ಕಾಗುವಷ್ಟು ನೀರು ಹಿಡಿದಿಟ್ಟುಕೊಳ್ಳಲಿ. ಒಳಬರುವ ನೀರಿನ ವಾಲ್ವ್ ಮುಚ್ಚಿ, ಇರುವ ನೀರು ಬಳಸಿ ಮುಗಿಸಿ. ತಳದ ಕೊನೆಯ ಒಂದು ಗೇಣು ನೀರನ್ನು ಮನೆಯ ಪೈಪುಗಳಿಗೆ ಬಿಡಬೇಡಿ, ಹೂಳೆಲ್ಲ ಅದರಲ್ಲೇ ಇರುತ್ತದೆ. ಅದನ್ನು ಹೊರಗೆ ಹೋಗುವ ತೂಬಿನಿಂದ ಬಿಡಿ, ಇಲ್ಲವೇ ಎತ್ತಿ ಚೆಲ್ಲಿ. ಉದ್ದ ಹಿಡಿಯ ಬ್ರಷ್‌ನಿಂದ ಹೊರಗೇ ನಿಂತು ಉಜ್ಜಿ. ಒಳಗೆ ಇಳಿಯಲೇಬೇಕಾದರೆ ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತು ಮಾತಾಡಿಸುತ್ತಲೇ ಇರಲಿ. ಆಮ್ಲಜನಕ ಕಡಿಮೆಯಿದ್ದರೆ ಒಳಗಿನವರಿಗೆ ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಹಾಗೇನಾದರೂ ಆದರೆ ಎತ್ತಲೆಂದು ಹಿಂದೆಯೇ ಇಳಿಯಬೇಡಿ. ಇಂಥ ಕಡೆ ಎರಡನೆಯ ಸಾವು ಆಗುವುದು ಹಾಗೆಯೇ.

ಎರಡು ಸಲ ಜಾಲಿಸಿ ಹೊರಹಾಕಿದ ಮೇಲೆ ಕಾಲುಭಾಗ ನೀರು ತುಂಬಿ ಕ್ಲೋರಿನ್ ಬೆರೆಸಬೇಕು. ಸಾವಿರ ಲೀಟರ್ ತೊಟ್ಟಿಗೆ ಶೇ. 5ರ ದ್ರವ ಬ್ಲೀಚ್ ಆದರೆ 1 ಲೀಟರ್, ಶೇ. 65ರ ಕ್ಲೋರಿನ್ ಹರಳಾದರೆ 80 ಗ್ರಾಂ, ಶೇ. 25ರ ಬ್ಲೀಚಿಂಗ್ ಪೌಡರ್ ಆದರೆ 200 ಗ್ರಾಂ. ಪುಡಿಯನ್ನು ಮೊದಲು ಬಕೆಟ್‌ನಲ್ಲಿ ಕದಡಿ, ಸುಣ್ಣ ತಳ ಸೇರಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿಯಿರಿ. ಬಾಯಿ ತೆರೆದು ಇಟ್ಟಿದ್ದ ಹಳೆಯ ಪುಡಿ ಸತ್ವ ಕಳೆದುಕೊಂಡಿರುತ್ತದೆ, ಅದನ್ನು ನೆಚ್ಚಬೇಡಿ. ಆಮೇಲೆ ತೊಟ್ಟಿ ಪೂರ್ತಿ ತುಂಬಿ, ಪ್ರತಿ ಮನೆಯ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು ಮುಚ್ಚಿ, 24 ಗಂಟೆ ಹಾಗೇ ಬಿಡಿ. ಈ ನೀರು ಕುಡಿಯಲಾಗದು, ಗಿಡಕ್ಕೂ ಕೆರೆಗೂ ಬಿಡಬಾರದು. ಖಾಲಿ ಮಾಡಿ, ಹೊಸ ನೀರು ತುಂಬಿ, ವಾಸನೆ ಅಡಗುವವರೆಗೆ ನಲ್ಲಿ ಬಿಡಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಬ್ಲೀಚಿನ ಜೊತೆ ಶೌಚಾಲಯ ತೊಳೆಯುವ ಆ್ಯಸಿಡ್ ಸೇರಿದರೆ ವಿಷಾನಿಲ ಏಳುತ್ತದೆ.

ಮುಂದಿನ ತಾರೀಖನ್ನು ತೊಟ್ಟಿಯ ಮೈಮೇಲೇ ಬಣ್ಣದಲ್ಲಿ ಬರೆದುಬಿಡಿ. ಹಲಗೆ ಕಳೆಯುತ್ತದೆ, ತೊಟ್ಟಿ ಕಳೆಯುವುದಿಲ್ಲ.

ಪ್ರಶ್ನೆ: ಪಾಳಿ ಹಾಕಿದ್ದೇವೆ. ಒಂದು ಮನೆಯವರು ಮಾತ್ರ ದುಡ್ಡೂ ಕೊಡುವುದಿಲ್ಲ, ಕೆಲಸಕ್ಕೂ ಬರುವುದಿಲ್ಲ. ಅವರ ನೀರು ನಿಲ್ಲಿಸಬಹುದೆ?

ಬೇಡ. ಕಾನೂನು ನಿಮ್ಮ ಕಡೆ ಇರುವುದು ಅನುಮಾನ, ಅದಕ್ಕಿಂತ ಮುಖ್ಯವಾಗಿ ಅಲ್ಲಿಗೆ ಸಂಬಂಧ ಮುರಿಯುತ್ತದೆ. ಹಂಚಿಕೊಂಡು ಬಳಸುವ ಹುಲ್ಲುಗಾವಲು, ಕಾಡು, ಕಾಲುವೆಗಳು ಎಲ್ಲಿ ಉಳಿದವು, ಎಲ್ಲಿ ಅಳಿದವು ಎಂದು ದಶಕಗಟ್ಟಲೆ ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು ಕಂಡುಕೊಂಡ ಸೂತ್ರಗಳಲ್ಲಿ ಒಂದು, ದಂಡ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು ಎಂಬುದು. ಇನ್ನೊಂದು, ನಿಗಾ ಇಡುವವರು ಬಳಕೆದಾರರೇ ಆಗಿರಬೇಕು ಎಂಬುದು. ಅವರು ಉದಾಹರಿಸಿದ ಸ್ವಿಸ್ ಹಳ್ಳಿ ಟೋರ್ಬೆಲ್‌ನಲ್ಲಿ 1517ರ ನಿಯಮವೊಂದಿದೆ: ಚಳಿಗಾಲದಲ್ಲಿ ಎಷ್ಟು ದನ ಸಾಕಬಲ್ಲಿರೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಬೆಟ್ಟದ ಹುಲ್ಲುಗಾವಲಿಗೆ ಬಿಡಬೇಕು. ಲೆಕ್ಕ ಹಾಕುವುದು ಸುಲಭ, ಮೋಸ ಮಾಡಿದರೆ ನೆರೆಯವರ ಕಣ್ಣಿಗೆ ಬೀಳುತ್ತದೆ. ಸ್ಪೇನಿನ ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ಜಗಳಗಳನ್ನು ರೈತರೇ ಆರಿಸಿದ ಪಂಚರು ಪ್ರತಿ ಗುರುವಾರ ಚರ್ಚಿನ ಬಾಗಿಲಲ್ಲಿ ಕೂತು ಬಾಯಿಮಾತಿನಲ್ಲೇ ತೀರ್ಮಾನಿಸುತ್ತಾರೆ.

ನಿಮ್ಮಲ್ಲಿ ಮೊದಲ ಮೆಟ್ಟಿಲು, ಒಬ್ಬರೇ ಹೋಗಿ ಮಾತಾಡುವುದು. ನಾಲ್ಕು ಜನ ಹೋದರೆ ಅದು ವಿಚಾರಣೆಯಾಗುತ್ತದೆ. ಕಾರಣ ಕೇಳಿ: ರಾತ್ರಿ ಪಾಳಿಯ ನೌಕರಿಯೋ, ಕಾಯಿಲೆಯೋ, ಕೈಯಲ್ಲಿ ದುಡ್ಡಿಲ್ಲವೋ, ಹಿಂದೆಂದೋ ಆದ ಅವಮಾನವೋ. ದುಡ್ಡಿಲ್ಲದವರು ಕೆಲಸ ಮಾಡಬಹುದು, ಬಿಡುವಿಲ್ಲದವರು ಬೇರೆ ದಿನ ಬದಲಿಸಿಕೊಳ್ಳಬಹುದು, ಮೆಟ್ಟಿಲು ಹತ್ತಲಾಗದ ಹಿರಿಯರು ಲೆಕ್ಕದ ಪುಸ್ತಕ ಇಟ್ಟುಕೊಳ್ಳಬಹುದು. ಎರಡನೆಯದು, ಸಭೆಯಲ್ಲಿ ಎಲ್ಲ ಮನೆಗಳ ಲೆಕ್ಕ ಓದುವುದು. ಬಾಕಿಯವರದು ಮಾತ್ರವಲ್ಲ, ಎಲ್ಲರದೂ. ಮೂರನೆಯದು, ಅವರೂ ಇದ್ದ ಸಭೆಯಲ್ಲಿ ಮೊದಲೇ ಒಪ್ಪಿಕೊಂಡಿದ್ದ ಸಣ್ಣ ದಂಡ. ತಪ್ಪಾದ ಮೇಲೆ ಗೊತ್ತುಮಾಡಿದ ದಂಡ ನಿಲ್ಲುವುದಿಲ್ಲ. ಖರ್ಚಿನ ಚೀಟಿಗಳನ್ನು ಎಲ್ಲರೂ ನೋಡುವಂತೆ ಅಂಟಿಸಿ. ದುಡ್ಡು ಎಲ್ಲಿ ಹೋಗುತ್ತಿದೆಯೋ ಎಂಬ ಅನುಮಾನದಿಂದಲೇ ಪಾಲು ಕೊಡದವರು ಬಹಳ ಮಂದಿ ಇರುತ್ತಾರೆ.

ಪ್ರಶ್ನೆ: ರಸ್ತೆ ಅಪಘಾತವಾದಾಗ ಇಪ್ಪತ್ತು ಜನ ಸುತ್ತ ನಿಂತಿರುತ್ತಾರೆ, ಯಾರೂ ಮುಟ್ಟುವುದಿಲ್ಲ. ಜನರಿಗೆ ಕರುಣೆ ಸತ್ತುಹೋಗಿದೆಯೆ?

ಕರುಣೆ ಸತ್ತಿಲ್ಲ. ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದರು. ತಾನೊಬ್ಬನೇ ಕೇಳಿಸಿಕೊಂಡಿದ್ದೇನೆ ಎಂದುಕೊಂಡವರಲ್ಲಿ ಶೇ. 85 ಮಂದಿ ಕೂಡಲೇ ಎದ್ದು ಹೋಗಿ ತಿಳಿಸಿದರು. ತನ್ನಂತೆ ಇನ್ನೂ ನಾಲ್ವರು ಕೇಳಿಸಿಕೊಂಡಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಸುಮ್ಮನೆ ಕೂತವರ ಕೈ ನಡುಗುತ್ತಿತ್ತು, ಅವರು ನಿರಾಳವಾಗಿರಲಿಲ್ಲ. ಇನ್ನೊಂದು ಮುಖವನ್ನೂ ಹೇಳಬೇಕು. 2019ರಲ್ಲಿ ಮೂರು ದೇಶಗಳ ಬೀದಿ ಜಗಳಗಳ ಸಿಸಿಟಿವಿ ದೃಶ್ಯಗಳನ್ನು ನೋಡಿದ ಸಂಶೋಧಕರು, ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ನಡುವೆ ಬಂದು ನೆರವಾಗಿದ್ದನ್ನು ಕಂಡರು. ಮೊದಲ ಹೆಜ್ಜೆ ಇಡುವವರು ಒಬ್ಬರು ಬೇಕು, ಅಷ್ಟೆ.

ಆ ಒಬ್ಬರು ನೀವಾಗಿದ್ದರೆ ‘ಯಾರಾದರೂ ಆಂಬ್ಯುಲೆನ್ಸ್ ಕರೆಯಿರಿ’ ಎಂದು ಕೂಗಬೇಡಿ. ‘ಯಾರಾದರೂ’ ಎಂಬ ಹೆಸರಿನವರು ಆ ಗುಂಪಿನಲ್ಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ಬೆರಳು ತೋರಿಸಿ: ‘ನೀಲಿ ಅಂಗಿ ಅಣ್ಣ, ನೀವು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ, ಏನಂದರು ಅಂತ ನನಗೆ ಬಂದು ಹೇಳಿ. ಚೀಲ ಹಿಡಿದಿರೋ ಅಕ್ಕ, ಆ ಕಡೆಯಿಂದ ಬರೋ ಗಾಡಿ ನಿಲ್ಲಿಸಿ.’ ಕೇಳಿಸಿಕೊಂಡವರು ಹೆಚ್ಚಾಗಿ ತಕ್ಷಣ ಓಡುತ್ತಾರೆ, ಕಾಯುತ್ತಿದ್ದವರಂತೆ.

ಗಾಯಾಳುವನ್ನು ಎತ್ತಿ ಕೂರಿಸಬೇಡಿ, ಬೆನ್ನುಮೂಳೆ ಮುರಿದಿರಬಹುದು. ಬೆಂಕಿ ಅಥವಾ ಬರುತ್ತಿರುವ ವಾಹನದ ಭಯವಿದ್ದರೆ ಮಾತ್ರ ಸರಿಸಿ. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ. ನೀರು ಕುಡಿಸಬೇಡಿ, ಅರೆಪ್ರಜ್ಞೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆ ಮಡಚಿ ಗಾಯದ ಮೇಲೆ ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಪದೇ ಪದೇ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಕರೆದರೆ ಓಗೊಡದೆ, ಹತ್ತು ಸೆಕೆಂಡು ನೋಡಿದರೂ ಸರಿಯಾಗಿ ಉಸಿರಾಡದಿದ್ದರೆ ಎದೆ ಒತ್ತಲು ಶುರುಮಾಡಿ. ಆಗೊಮ್ಮೆ ಈಗೊಮ್ಮೆ ಬಾಯಿ ಕಳೆದು ಗೊರಗುಟ್ಟುವುದು ಉಸಿರಾಟವಲ್ಲ. ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ನೇರ. 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ, ಸೋತದ್ದು ನಿಮಗೆ ಗೊತ್ತಾಗುವುದಿಲ್ಲ, ಒತ್ತು ಮಾತ್ರ ಇಳಿಯುತ್ತದೆ. ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಒತ್ತುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ. ಸುತ್ತ ನಿಂತ ಇಪ್ಪತ್ತು ಜನ ಉಪಯೋಗಕ್ಕೆ ಬರುವುದು ಆಗಲೇ.

ಪ್ರಶ್ನೆ: ಹಿಂದೆ ಆಂಬ್ಯುಲೆನ್ಸ್ ಬಂದರೆ ಗಾಬರಿಯಾಗುತ್ತದೆ. ಸರಿಯಾದ ಕ್ರಮ ಯಾವುದು?

ಗಕ್ಕನೆ ಬ್ರೇಕ್ ಹಾಕಬೇಡಿ. ಇಂಡಿಕೇಟರ್ ಹಾಕಿ, ವೇಗ ಇಳಿಸಿ, ಒಂದೇ ಬದಿಗೆ ನಿಧಾನವಾಗಿ ಸರಿದು ನಿಲ್ಲಿ. ಅತ್ತಿತ್ತ ತೂಗಾಡಿದರೆ ಅದರ ಚಾಲಕನಿಗೆ ನಿಮ್ಮ ಲೆಕ್ಕ ತಿಳಿಯುವುದಿಲ್ಲ. ತಿರುವು, ಸೇತುವೆಗಳ ಮೇಲೆ ನಿಲ್ಲದೆ ಅಗಲ ಜಾಗ ಸಿಗುವವರೆಗೆ ಸಾಗಿ. ಅದು ಹೋದ ಕೂಡಲೇ ಅದರ ಬೆನ್ನಿಗೆ ಅಂಟಿಕೊಂಡು ಹೋಗುವುದು ಅಪಾಯ, ಹಿಂದೆಯೇ ಇನ್ನೊಂದು ಬರುತ್ತಿರಬಹುದು.

ಪ್ರಶ್ನೆ: ನಾವು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತೇವೆ. ಗಾಡಿಯವರು ಒಟ್ಟಿಗೇ ಸುರಿಯುತ್ತಾರೆ. ಮತ್ತೇಕೆ ಬೇರೆ ಮಾಡಬೇಕು?

ನಿಮ್ಮ ಬೇಸರ ನ್ಯಾಯವಾದದ್ದು. ಮೊದಲು ಗಾಡಿಯೊಳಗೆ ಅಡ್ಡಗೋಡೆ ಇದೆಯೇ ನೋಡಿ. ಮೇಲಿನಿಂದ ಒಂದೇ ಬಾಯಿ ಕಂಡರೂ ಒಳಗೆ ಎರಡು ಭಾಗ ಇರುವುದುಂಟು. ನಿಜಕ್ಕೂ ಬೆರೆಸುತ್ತಿದ್ದರೆ ಮೂರು ದಿನದ ತಾರೀಖು, ಹೊತ್ತು, ಗಾಡಿ ಸಂಖ್ಯೆ ಬರೆದು ದೂರು ಕೊಡಿ.

ಅದು ಸರಿಹೋಗುವವರೆಗೂ ಬೇರೆ ಮಾಡುವುದನ್ನು ನಿಲ್ಲಿಸಬೇಡಿ, ಏಕೆಂದರೆ ಮುಂದೆ ಎಲ್ಲೋ ಒಬ್ಬರು ಅದನ್ನು ಕೈಯಿಂದ ಆರಿಸುತ್ತಾರೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆಯಿರಿ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಬಿರಡೆ ಬಿಗಿದು, ವೈದ್ಯಕೀಯ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೆ ತಲುಪಿಸಿ. ಹಳೆಯ ಮೊಬೈಲ್, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿ ಕಸದ ಗಾಡಿಯ ಒತ್ತುಯಂತ್ರದಲ್ಲಿ ಜಜ್ಜಿ ಹೋದರೆ ಹೊತ್ತಿಕೊಳ್ಳುತ್ತದೆ. ಅದರ ಎರಡೂ ತುದಿಗೆ ಟೇಪ್ ಅಂಟಿಸಿ, ಇ-ತ್ಯಾಜ್ಯ ಸಂಗ್ರಹಕ್ಕೇ ಕೊಡಿ. ಕಾಗದಕ್ಕೆ ಎಣ್ಣೆ ಹತ್ತಿದರೆ ಅದು ಮರುಬಳಕೆಗೆ ಬರುವುದಿಲ್ಲ. ಒಂದು ಜಿಡ್ಡಿನ ಡಬ್ಬಿ ಇಡೀ ಚೀಲದ ರದ್ದಿಯನ್ನು ಕೆಡಿಸುತ್ತದೆ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವವರಿಗೆ ಒಂದು ಮಾತು. 2017ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಒಳಚರಂಡಿಯಲ್ಲಿ 250 ಮೀಟರ್ ಉದ್ದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಮನೆಮನೆಯ ಎಣ್ಣೆ, ಒದ್ದೆ ಟಿಶ್ಯೂಗಳು ಸೇರಿ ಕಲ್ಲಿನಂತಾಗಿದ್ದವು, ಕೊರೆದು ತೆಗೆಯಲು ವಾರಗಟ್ಟಲೆ ಹಿಡಿಯಿತು. ಎಣ್ಣೆ ಆರಿದ ಮೇಲೆ ಬಾಟಲಿಯಲ್ಲಿ ತುಂಬಿಡಿ, ಪಾತ್ರೆಯ ಜಿಡ್ಡನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿ. ‘ಫ್ಲಶ್ ಮಾಡಬಹುದು’ ಎಂದು ಬರೆದಿದ್ದರೂ ಒದ್ದೆ ಟಿಶ್ಯೂ ಬುಟ್ಟಿಗೇ ಹೋಗಲಿ.

ಪ್ರಶ್ನೆ: ರಸ್ತೆ ಗುಂಡಿ, ಉರಿಯದ ದೀಪದ ಬಗ್ಗೆ ದೂರು ಕೊಟ್ಟು ಕೊಟ್ಟು ಸಾಕಾಗಿದೆ. ದೂರು ಕೊಡುವುದಕ್ಕೂ ಒಂದು ರೀತಿ ಇದೆಯೆ?

ಇದೆ. ‘ನಮ್ಮ ಬೀದಿಯಲ್ಲಿ ಬಹಳ ದಿನದಿಂದ ದೀಪವಿಲ್ಲ, ಗುಂಡಿ ಬಿದ್ದಿದೆ, ಚರಂಡಿ ಕಟ್ಟಿದೆ’ ಎಂಬ ಒಂದೇ ಅರ್ಜಿ ಮೂರು ಮೇಜುಗಳ ನಡುವೆ ಅಲೆದು ಕೊನೆಗೆ ಯಾರದೂ ಆಗುವುದಿಲ್ಲ. ಒಂದು ಅರ್ಜಿಗೆ ಒಂದೇ ತೊಂದರೆ. ದೀಪವಾದರೆ ಕಂಬದ ಸಂಖ್ಯೆ ಕೊಡಿ. ದೀಪ ಪೂರ್ತಿ ಉರಿಯುವುದಿಲ್ಲವೋ, ಮಿಣುಕುತ್ತದೆಯೋ, ಹಗಲೂ ಉರಿಯುತ್ತದೆಯೋ ಬರೆಯಿರಿ. ಮೂರಕ್ಕೂ ರಿಪೇರಿ ಬೇರೆ ಬೇರೆ, ತರುವ ಸಾಮಾನೂ ಬೇರೆ. ಗುಂಡಿಯಾದರೆ ಹತ್ತಿರದ ಮನೆ ಸಂಖ್ಯೆ, ರಸ್ತೆಯ ಯಾವ ಬದಿ, ಉದ್ದ, ಅಗಲ, ಆಳ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೋ, ಗುರುತಿನ ಕಟ್ಟಡ ಕಾಣುವಂತೆ ದೂರದಿಂದ ಇನ್ನೊಂದು. ಹತ್ತಿರದ ಫೋಟೋ ಮಾತ್ರ ಇದ್ದರೆ ಕೆಲಸದವರು ಬಂದು ಜಾಗ ಸಿಗದೆ ವಾಪಸಾಗುತ್ತಾರೆ.

ದೂರಿನ ಸಂಖ್ಯೆ ಪಡೆಯದೆ ಬರಬೇಡಿ. ಆಮೇಲೆ ವಿಚಾರಿಸುವಾಗ ಹೊಸ ಅರ್ಜಿ ಬೇಡ, ಹಳೆಯ ಸಂಖ್ಯೆಯನ್ನೇ ಹಿಡಿದು ಕೇಳಿ. ಹೊಸದು ಕೊಟ್ಟರೆ ಎಣಿಕೆ ಮೊದಲ ದಿನದಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಬೀದಿಯವರಿಗೆಲ್ಲ ತಿಳಿಸಿ. ಯಾರಾದರೂ ಹೇಳಿರುತ್ತಾರೆ ಎಂದು ಬೀದಿಗೆ ಬೀದಿಯೇ ಸುಮ್ಮನಿರುವುದು ಬಹಳ ಸಾಮಾನ್ಯ. ಕೆಲಸ ಆದಾಗ ಆಯಿತು ಎಂದು ಬರೆದು ತಿಳಿಸುವವರು ಕಡಿಮೆ. ತಿಳಿಸಿ, ಆ ಮೇಜಿನ ಹಿಂದೆ ಇರುವವರೂ ಮನುಷ್ಯರೇ.

ಪ್ರಶ್ನೆ: ನಮ್ಮ ಮನೆಯಲ್ಲಿ ನೀರು ನಿಲ್ಲಲು ಬಿಡುವುದಿಲ್ಲ. ಆದರೂ ಡೆಂಗಿ ಬಂತು. ಹೇಗೆ?

ಡೆಂಗಿ ಹರಡುವ ಈಡಿಸ್ ಸೊಳ್ಳೆ ಬಹಳ ದೂರ ಹಾರುವುದಿಲ್ಲ, ಹುಟ್ಟಿದ ಜಾಗದಿಂದ ಸಾಮಾನ್ಯವಾಗಿ ಕೆಲವು ನೂರು ಮೀಟರ್ ಒಳಗೇ ಇರುತ್ತದೆ. ಅಂದರೆ ನಿಮ್ಮನ್ನು ಕಚ್ಚಿದ್ದು ಅಕ್ಕಪಕ್ಕದಲ್ಲಿ ಹುಟ್ಟಿದ್ದೇ ಇರಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ, ಇಡೀ ಬೀದಿ ಒಂದೇ ದಿನ ನೋಡಬೇಕು. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿರುತ್ತದೆ, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿ, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಒರಟು ಬ್ರಷ್‌ನಿಂದ ಉಜ್ಜಿ. ಫ್ರಿಜ್ಜಿನ ಹಿಂದಿನ ತಟ್ಟೆ, ಹೂಕುಂಡದ ಅಡಿಯ ತಟ್ಟೆ, ಟೈರು, ಟಾರ್ಪಾಲಿನ ಮಡಿಕೆ, ಬೀಗ ಹಾಕಿದ ಮನೆಯ ಮಹಡಿ, ಇವೇ ಎಲ್ಲರೂ ಮರೆಯುವ ಜಾಗಗಳು. ಬೀಗದ ಮನೆಯ ಕೀಲಿ ಯಾರಲ್ಲಿದೆ ಎಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಡಿ.

ಪ್ರಶ್ನೆ: ದೊಡ್ಡ ದುರಂತವಾದಾಗ ರಕ್ತದಾನಕ್ಕೆ ಓಡುತ್ತೇವೆ. ಅಲ್ಲಿ ‘ಈಗ ಬೇಡ, ಆಮೇಲೆ ಬನ್ನಿ’ ಎನ್ನುತ್ತಾರೆ. ಇದೇನು?

ಅವರು ಹೇಳುವುದು ಸರಿ. ದುರಂತದ ದಿನ ಬಳಸುವುದು ಅಂದು ಕೊಟ್ಟ ರಕ್ತವನ್ನಲ್ಲ, ಅದನ್ನು ಪರೀಕ್ಷಿಸಿ ಬೇರ್ಪಡಿಸಲು ಹೊತ್ತು ಬೇಕು. ಜೀವ ಉಳಿಸುವುದು ಅದಕ್ಕೂ ಮುಂಚೆ ಯಾರೋ ಕೊಟ್ಟು ಕಪಾಟಿನಲ್ಲಿದ್ದ ರಕ್ತ. ಕೆಂಪುಕಣಗಳು ಕೆಡದೆ ಇರುವುದು ಹೆಚ್ಚೆಂದರೆ 42 ದಿನ, ಪ್ಲೇಟ್‌ಲೆಟ್‌ಗಳು 5ರಿಂದ 7 ದಿನ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಜನ ಸಾಲುಗಟ್ಟಿ ಕೊಟ್ಟ ರಕ್ತದಲ್ಲಿ ಬಹಳಷ್ಟು ಬಳಕೆಯಾಗದೆ ಅವಧಿ ಮುಗಿದು ಹೋಯಿತು.

ಬೀದಿಯಲ್ಲಿ, ಕಚೇರಿಯಲ್ಲಿ ಹನ್ನೆರಡು ಜನ ಸಿಕ್ಕರೆ ಒಬ್ಬೊಬ್ಬರು ಒಂದೊಂದು ತಿಂಗಳು ಹಂಚಿಕೊಳ್ಳಿ. ಒಂದು ಸಲಕ್ಕೆ ತೆಗೆಯುವುದು ಸುಮಾರು 450 ಮಿಲಿಲೀಟರ್. ಅದರ ದ್ರವಭಾಗ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪುಕಣಗಳಿಗೆ ವಾರಗಳು ಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಹೊರಡುವ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ಕೊಟ್ಟ ಮೇಲೆ ಹತ್ತು ಹದಿನೈದು ನಿಮಿಷ ಅಲ್ಲೇ ಕೂತಿರಿ, ಗಡಿಬಿಡಿಯಲ್ಲಿ ಎದ್ದವರಿಗೇ ತಲೆ ತಿರುಗುವುದು ಹೆಚ್ಚು. ತಿರುಗಿದರೆ ನಿಂತಲ್ಲೇ ಮಲಗಿ ಕಾಲು ಎತ್ತರಕ್ಕೆ ಇಟ್ಟುಕೊಳ್ಳಿ. ಅಂದು ಭಾರ ಎತ್ತಬೇಡಿ, ಬ್ಯಾಂಡೇಜ್ ಕೆಲವು ಗಂಟೆ ಹಾಗೇ ಇರಲಿ.